ಎರಡು ಸಲ ಬೇಡ ಎನ್ನುವವರು

ನಮ್ಮ ಪಕ್ಕದ ಮನೆಯವರು ಆದೋನಿಯ ಮಿಲ್ಲಿನಲ್ಲಿ ಹತ್ತಿ ಪರೀಕ್ಷೆ ಮಾಡುತ್ತಿದ್ದರು. ಚಿಟಿಕೆ ಅರಳೆ ಎಳೆದು ನೋಡಿ, ಅದು ಹೊಳಗುಂದದ ಹೊಲದ್ದೋ ಕೋಸಗಿಯ ಹೊಲದ್ದೋ ಹೇಳಿಬಿಡುವರು. ಮಜ್ಜಿಗೆ ಕೊಟ್ಟರೆ ಮಾತ್ರ ಎರಡು ಸಲ “ಬ್ಯಾಡ ಬಿಡ್ರಿ ಅಕ್ಕಾರ” ಎಂದು, ಮೂರನೆಯ ಸಲಕ್ಕೆ ಚೊಂಬು ಖಾಲಿ ಮಾಡುವರು. ದೇವರ ಪ್ರಸಾದಕ್ಕೂ ಇದೇ ಮರ್ಯಾದೆ.

ಮಿಲ್ಲು ಮುಚ್ಚಿ ಮನೆಯಲ್ಲಿ ಕೂತಿದ್ದಾಗ ರಾಯಚೂರಿನ ಹತ್ತಿ ಮಿಲ್ಲೊಂದರಿಂದ ಕರೆ ಬಂತು. ಆ ಊರು ಆಗ ನಿಜಾಮರ ರಾಜ್ಯ. ರೈಲು ಹೊಳೆ ದಾಟಿದರೆ ನಮಗೆ ಪರದೇಶ. ಗಂಡನನ್ನು ಬಲ್ಲ ಹೆಂಡತಿ ತಾನೂ ಜೊತೆಗೆ ಹೋದಳು. ನಡೆದದ್ದನ್ನು ಆಕೆಯೇ ನನಗೆ ಹೇಳಿದ್ದು.

ಅಲ್ಲಿನ ಸಾವುಕಾರರು ಇವರ ಕೈಚಳಕ ಮೆಚ್ಚಿ, “ನಾಳಿಂದ ಕೆಲಸಕ್ಕ ಬರ್ತೀರೇನ್ರಿ?” ಎಂದರು.

ಇವರು ಕೈಮುಗಿದು, “ಬ್ಯಾಡ ಬಿಡ್ರಿ” ಎಂದರು.

ಸಾವುಕಾರರು ಕೆಲಸ ಕೇಳಿ ಬಂದು ಬಾಗಿಲಲ್ಲಿದ್ದ ಇನ್ನೊಬ್ಬನನ್ನು ಕರೆದರು. ಸಾವುಕಾರರು ಮತ್ತೊಮ್ಮೆ ಕೇಳಲಿ ಎಂದು ಇವರು ನಗುತ್ತ ನಿಂತೇ ಇದ್ದರು!

ಹೊರಗೆ ಕೂತಿದ್ದ ಹೆಂಡತಿ ಒಳಗೆ ನುಗ್ಗಿದಳು. “ಸಾವ್ಕಾರ್ರ, ಇವರ ಬ್ಯಾಡ ಅಂದ್ರ ಬ್ಯಾಡ ಅಂತಲ್ರಿ! ಹೆಣ್ಣು ನೋಡಾಕ ಬಂದಾಗ ನನಗೂ ಹಿಂಗ ಅಂದಿದ್ರು. ಈಗ ಐದು ಮಕ್ಕಳದಾವ್ರಿ!”

ಸಾವುಕಾರರು ಬಿದ್ದು ಬಿದ್ದು ನಕ್ಕು ಕೆಲಸ ಕೊಟ್ಟರು. ಮುಂದಿನ ಸೋಮವಾರ ಏಳೂ ಜನ ಪರದೇಶದ ರೈಲು ಹತ್ತಿದರು. ಆಕೆಗೆ ಅಂಥ ಬಾಯಿ ಕೊಟ್ಟ ಉರುಕುಂದದ ಈರಣ್ಣ ದೇವರಿಗೆ ನಾನೊಂದು ಕಾಯಿ ಒಡೆಸಿದೆ.