ಮರುಳಪ್ಪ ಯಾವ ಕಡೆಗೆ ನಡೆದ

೧೯೮೨ರ ಜೂನ್ ತಿಂಗಳು. ನಾನಾಗ ಸರ್ಕಾರದ ಒಂದು ಇಲಾಖೆಯ ಪ್ರಕಟಣಾ ವಿಭಾಗದಲ್ಲಿ ಫೋಟೊಗ್ರಾಫರ್. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪಾಠ ಹೇಳುವ ಕೆಲಸ ಸಿಗದೆ, ಕ್ಯಾಮೆರಾ ಹಿಡಿದವನು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಕ್ಕಿ ಮತ್ತು ಮೃಗಗಳ ಬಗ್ಗೆ ಇಲಾಖೆ ಒಂದು ಸಚಿತ್ರ ಕಿರುಹೊತ್ತಗೆ ತರುವುದಿತ್ತು. ಚಿತ್ರಗಳ ಹೊಣೆ ನನ್ನದು. ಅದಕ್ಕಾಗಿ ಕಡೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ.

ಆ ದಿನಗಳ ದಿನಚರಿ ಈಗಲೂ ನನ್ನಲ್ಲಿದೆ. ಆದರೆ ಇಲ್ಲಿ ಹೇಳಹೊರಟ ಪ್ರಸಂಗದ ಮುಖ್ಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ದಿನದ ಪುಟದಲ್ಲಿರುವುದು ಇಷ್ಟೆ: 'ಟಿಟ್ಟಿಭ ಮೊಟ್ಟೆಯ ಮೇಲಿತ್ತು. ಒಬ್ಬ ರೈತ ಅಡ್ಡ ಬಂದು ಎಬ್ಬಿಸಿದ. ಬೆಳಗು ಹಾಳು.' ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಆ ನೆನಪನ್ನು ಎಷ್ಟು ನಂಬಬಹುದೆಂಬುದು ನನಗೇ ಖಚಿತವಿಲ್ಲ.

ಕಡೂರಿನಿಂದ ಅಜ್ಜಂಪುರದ ಕಡೆಗೆ ಹೋಗುವಾಗ ಕಾವಲುಗಳು ಸಿಗುತ್ತವೆ. ಅರಸರ ಕಾಲದಲ್ಲಿ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳು ಅವು. ನಾನು ಆರಿಸಿಕೊಂಡ ಕಾವಲಿನಲ್ಲಿ ಕೃಷ್ಣಮೃಗಗಳಿದ್ದವು, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿದ್ದವು. ಪಶ್ಚಿಮದ ಅಂಚಿನಲ್ಲಿ ಒಂದು ಕಂದಕ. ಅದರಾಚೆಗೆ ಹೊಲ, ಹೊಲದಾಚೆಗೆ ಊರು. ಕಂದಕದ ಈಚೆಗೆ, ಬರಿಯ ನೆಲದಲ್ಲಿ, ಹಳದಿ ಟಿಟ್ಟಿಭವೊಂದು ನಾಲ್ಕು ಮೊಟ್ಟೆಯಿಟ್ಟು ಕುಳಿತಿತ್ತು.

ಅದರ ಚಿತ್ರಕ್ಕೆ ಹೈಡ್ ಬೇಕು. ಹೈಡ್ ಎಂದರೆ ಗೋಣಿತಾಟಿನ ಪುಟ್ಟ ಗುಡಾರ. ಮೊದಲು ದೂರದಲ್ಲಿ ಹೂಡಿ, ಹಕ್ಕಿಗೆ ಅಭ್ಯಾಸವಾದಂತೆ ದಿನಕ್ಕಿಷ್ಟು ಹತ್ತಿರ ಸರಿಸುತ್ತ ಹೋಗಬೇಕು. ಹಕ್ಕಿಗೆ ಅಭ್ಯಾಸವಾಯಿತು, ಊರಿನವರಿಗೆ ಆಗಲಿಲ್ಲ. ಟೀ ಅಂಗಡಿಯಲ್ಲಿ ಕೂತಿದ್ದಾಗ ಐವತ್ತರ ಆಸುಪಾಸಿನ ಒಬ್ಬರು ನನ್ನ ಉದ್ದನೆಯ ಲೆನ್ಸನ್ನು ನೋಡುತ್ತ ಕೇಳಿದರು: "ಹಕ್ಕಿ ಫೋಟೊ ತೆಗ್ಯಕ್ಕೆ ಸರ್ಕಾರ ಸಂಬ್ಳ ಕೊಡ್ತದಾ? ಯಾರ್ ಕಿವಿಗ್ ಹೂ ಇಡ್ತೀರಾ ಸ್ವಾಮಿ?"

"ನಿಜವಾಗಿಯೂ ಹಕ್ಕಿಗೇ ಬಂದಿದ್ದೇನೆ" ಎಂದೆ.

"ಸರ್ವೆಯೋರೂ ಮೂರು ಕಾಲಿನ್ ಮೇಲೆ ಹಿಂಗೇ ಒಂದು ಕೊಳ್ವೆ ಇಟ್ಕೊಂಡ್ ಬತ್ತಾರೆ ಬಿಡಿ" ಎಂದು ಅವರು ಎದ್ದುಹೋದರು. ಹೆಸರು ಮರುಳಪ್ಪ ಎಂದು ಅಂಗಡಿಯವನು ಹೇಳಿದ. ಕಂದಕದ ಪಕ್ಕದ ಹೊಲ ಅವರದೇ.

ಮೂರ್ನಾಲ್ಕು ದಿನಗಳ ನಂತರ ಬೆಳಿಗ್ಗೆ ಹೈಡ್‌ನಲ್ಲಿದ್ದೆ. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿತ್ತು. ಎಂದರೆ ನನ್ನ ಎಡಕ್ಕೆ ಊರು, ಬಲಕ್ಕೆ ಕಾವಲಿನ ಒಳಭಾಗ. ಇದ್ದಕ್ಕಿದ್ದಂತೆ ಟಿಟ್ಟಿಭ ಕಿರುಚಿ ಹಾರಿತು. ಹುಲ್ಲಿನಲ್ಲಿ ಮರುಳಪ್ಪ ನಡೆಯುತ್ತಿದ್ದರು. ತೋಳಿನಲ್ಲಿ ಕಂಬಳಿಯ ಗಂಟು. ಹೈಡ್ ಕಡೆಗೆ ಒಮ್ಮೆ ತಿರುಗಿ ನೋಡಿದರು. ಸಿಟ್ಟಿನಲ್ಲೋ ಅಭ್ಯಾಸಬಲದಿಂದಲೋ ಒಂದು ಫ್ರೇಮ್ ಒತ್ತಿದೆ. ಗಂಟಿನಲ್ಲಿ ಏನಿದೆಯೆಂದು ಗಮನಿಸಲಿಲ್ಲ. ನನ್ನ ಜೀವವೆಲ್ಲ ಹಾರಿಹೋದ ಹಕ್ಕಿಯ ಮೇಲಿತ್ತು.

ಮರುದಿನ ಕೆಮ್ಮಣ್ಣುಗುಂಡಿಗೆ ಹೊರಟೆ. ದಾರಿಯಲ್ಲಿ ತರೀಕೆರೆಯ ಒಂದು ಸ್ಟುಡಿಯೊದಲ್ಲಿ ರೋಲ್ ಕೊಟ್ಟು, ವಾರ ಕಳೆದು ಇಳಿಯುವಾಗ ಪ್ರಿಂಟ್‌ಗಳನ್ನು ತೆಗೆದುಕೊಂಡು ಕಡೂರಿಗೆ ಬಂದೆ. ಬಂದವನನ್ನು ಅರಣ್ಯ ಇಲಾಖೆಯ ರೇಂಜರ್ ಹೇಳಿಕಳುಹಿಸಿ ಕರೆಸಿಕೊಂಡರು. ಊರ ಹಿಂದಿನ ಹಳ್ಳದಲ್ಲಿ ಕೃಷ್ಣಮೃಗದ ಮರಿಯ ಚರ್ಮ ಸಿಕ್ಕಿತ್ತು.

"ನೀವು ದಿನಾ ಅಲ್ಲೇ ಕೂತಿದ್ದವರು. ಏನಾದರೂ ಕಂಡಿರಾ?" ಎಂದು ಕೇಳುತ್ತಲೇ ಅವರು ಪ್ರಿಂಟ್‌ಗಳನ್ನು ಇಸ್ಪೀಟಿನ ಎಲೆಗಳಂತೆ ಸರಿಸಿದರು. ಒಂದರ ಮೇಲೆ ಕೈ ನಿಂತಿತು. ಮರುಳಪ್ಪನವರ ಕಂಬಳಿಯಿಂದ ಎರಡು ಸಣಕಲು ಕಾಲುಗಳು ಹೊರಚಾಚಿದ್ದವು. ಚಿತ್ರದಲ್ಲಿ ಅವರು ಎಡಕ್ಕೆ ನಡೆಯುತ್ತಿದ್ದರು.

"ಎಡಕ್ಕೆ ಏನಿದೆ?"

"ಊರು."

"ಕದ್ದು ನೋಡ್ತಿರೋದು ನೋಡ್ರೀ ಹೆಂಗಿದೆ!" ರೇಂಜರ್ ನಕ್ಕರು.

ಮರುಳಪ್ಪನವರನ್ನು ಕರೆತಂದರು. ಚಿತ್ರ ನೋಡಿ ಅವರು ಅದನ್ನು ಹಿಂದಕ್ಕೆ ಸರಿಸಿದರು. "ನಾನು ತಂದಿದ್ದಲ್ಲ ಬುದ್ಧಿ, ಬಿಟ್ ಬಂದಿದ್ದು."

"ಎಲ್ಲಿಂದ ತಂದು ಬಿಟ್ಟೆಯಪ್ಪಾ?"

ಮರುಳಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಕಂಬಳೀಲಿ ಯಾಕೆ ಮುಚ್ಚಿದ್ದೆ?"

"ಕೈವಾಸ್ನೆ ಬಡಿದ್ರೆ ತಾಯಿ ಸೇರ್ಸಲ್ಲ, ಅದ್ಕೆ." ಮತ್ತೆ ಎಲ್ಲಿಂದ ಎಂದು ಕೇಳಿದರೆ ನೆಲ ನೋಡಿದರು. ನಿರಪರಾಧಿಗೆ ಇಷ್ಟು ಮೌನ ಯಾಕೆಂದು ನನಗೂ ಅನ್ನಿಸಿತು. ವನ್ಯಜೀವಿ ಕಾಯ್ದೆಯಡಿ ಕೃಷ್ಣಮೃಗ ಕೊಂದರೆ ಜೈಲು. ರೇಂಜರ್‌ಗೆ ಬೇಕಾಗಿದ್ದದ್ದು ನನ್ನ ಲಿಖಿತ ಹೇಳಿಕೆ ಮತ್ತು ಆ ಚಿತ್ರದ ದೊಡ್ಡ ಪ್ರಿಂಟ್. ಮರುಳಪ್ಪ ಊರಿನ ಕಡೆಗೇ ಹೋದದ್ದು ನೆನಪಿದೆಯೇ ಎಂದು ಕೇಳಿದಾಗ, ನೆನಪಿದೆ ಎನ್ನಿಸಿತು. ಎಡಕ್ಕೆ ಸರಿಯುವ ಅವರ ಬೆನ್ನು ಕೂಡ ಕಣ್ಣಿಗೆ ಕಟ್ಟಿತು. ಆದರೂ, ದೊಡ್ಡ ಪ್ರಿಂಟ್ ಬಂದ ಮೇಲೆ ಬರೆದುಕೊಡುತ್ತೇನೆ ಎಂದು ಎದ್ದೆ. ಆ ಬೆನ್ನು ಎಲ್ಲಿಂದ ಬಂತೆಂದು ಒಳಗೊಳಗೇ ಕಿರಿಕಿರಿಯಾಗುತ್ತಿತ್ತು. ನನ್ನ ಫ್ರೇಮಿನಲ್ಲಿ ಇದ್ದದ್ದು ಮುಖ, ಬೆನ್ನಲ್ಲ.

ನೆಗೆಟಿವ್ ತರೀಕೆರೆಯಲ್ಲೇ ಇತ್ತು. ಸ್ಟುಡಿಯೊದ ಗಂಗಣ್ಣ ಡಾರ್ಕ್‌ರೂಮಿನಲ್ಲಿದ್ದ. ಕಾಯುತ್ತ ಗಾಜಿನ ಕಪಾಟಿನ ಚಿತ್ರಗಳನ್ನು ನೋಡತೊಡಗಿದೆ. ಒಂದು ಮದುವೆಯ ಜೋಡಿ. ಏನೋ ಸರಿಯಿಲ್ಲ ಎನ್ನಿಸಿ ಹತ್ತಿರ ಹೋದೆ. ಹೆಣ್ಣಿನ ಸೆರಗು ಬಲಭುಜದ ಮೇಲಿತ್ತು.

ಗಂಗಣ್ಣ ಹೊರಗೆ ಬಂದೊಡನೆ ಕೇಳಿದೆ. ಅವನು ಸಂಕೋಚವಿಲ್ಲದೆ ಹೇಳಿದ: "ಹೆಣ್ಣು ಗಂಡಿನ ಎಡಕ್ಕಿರಬೇಕಲ್ವಾ ಸಾರ್? ಗಡಿಬಿಡೀಲಿ ಬಲಕ್ಕೆ ನಿಂತ್ಬಿಡ್ತಾರೆ. ನಾವು ನೆಗೆಟಿವ್ ಮಗುಚಿ ಹಾಕ್ತೀವಿ, ಎಲ್ಲಾ ಸರಿಹೋಯ್ತದೆ."

"ಸೆರಗು ಬಲಕ್ಕೆ ಬರುತ್ತಲ್ಲ ಮಾರಾಯ?"

"ಸೆರಗು ಯಾರ್ ನೋಡ್ತಾರೆ ಸಾರ್? ಬೀಗರು ನೋಡೋದು ಹುಡುಗಿ ಯಾವ್ ಕಡೆ ನಿಂತವ್ಳೆ ಅಂತ."

ನಾನು ಚೀಲದಿಂದ ಮರುಳಪ್ಪನವರ ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದೆ. ಹೈಡ್ ಕಡೆಗೆ ತಿರುಗಿದ್ದರಿಂದ ಅವರ ಎದೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೀಡಿಕಟ್ಟಿನಿಂದ ಉಬ್ಬಿದ್ದ ಅಂಗಿಯ ಜೇಬು, ಎಡ ಎದೆಯ ಮೇಲಿರಬೇಕಾದದ್ದು, ಅವರ ಬಲಗಡೆಗಿತ್ತು.

ಫಿಲ್ಮಿಗೆ ಎರಡು ಮೈ: ಒಂದು ಹೊಳೆಯುವುದು, ಇನ್ನೊಂದು ಚಿತ್ರ ಮೂಡುವ ಮಂಕು ಮೈ. ಯಾವ ಮೈ ಮೇಲಿರಬೇಕೆಂಬುದು ತಪ್ಪಿದರೆ ಪ್ರಿಂಟ್ ಕನ್ನಡಿಯ ಬಿಂಬದಂತೆ ಬರುತ್ತದೆ. ಗಂಗಣ್ಣ ತಲೆ ಕೆರೆದುಕೊಂಡ. "ಅವತ್ತು ಬೆಳಗಿಂದ ಮದ್ವೆ ರೋಲೇ ಹಾಕ್ತಿದ್ದೆ. ಅದೇ ಕೈಯಲ್ಲಿ ನಿಮ್ದೂ ಹಾಕ್ಬಿಟ್ಟೆ ಅನ್ಸುತ್ತೆ." ಇಡೀ ರೋಲ್ ಮಗುಚಿತ್ತು. ಅಷ್ಟೂ ಟಿಟ್ಟಿಭಗಳನ್ನು ಎಷ್ಟು ಸಲ ನೋಡಿದ್ದರೂ ನನಗೆ ತಿಳಿದಿರಲಿಲ್ಲ. ಹಕ್ಕಿಗೆ ಜೇಬಿಲ್ಲ. ಉದ್ದ ಲೆನ್ಸ್ ಹಿನ್ನೆಲೆಯನ್ನೆಲ್ಲ ಮಂಜು ಮಾಡುವುದರಿಂದ ಗುರುತಿಗೆ ಒಂದು ಬೆಟ್ಟವಾಗಲಿ ಮರವಾಗಲಿ ಇರಲಿಲ್ಲ.

ಸರಿಯಾದ ಪ್ರಿಂಟಿನಲ್ಲಿ ಮರುಳಪ್ಪ ಬಲಕ್ಕೆ, ಕಾವಲಿನ ಒಳಕ್ಕೆ ನಡೆಯುತ್ತಿದ್ದರು.

ಸಂತೋಷದ ಸುದ್ದಿ ಎಂದುಕೊಂಡು ನೇರವಾಗಿ ಅವರ ಮನೆಗೆ ಹೋದೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಹಂಗಾರೆ ಈಗ ಎಲ್ಲಿಂದ ಅಂತ ಕೇಳೇ ಕೇಳ್ತಾರೆ" ಎಂದರು. ಒಳಗಿಂದ ಅವರ ಹೆಂಡತಿ, "ಹೇಳ್ಬಿಡಿ ಅತ್ಲಾಗೆ. ಜೈಲಲ್ ಕೂತು ಯಾವ್ ಹೊಲ ಉಳ್ತೀರಾ?" ಎಂದರು.

ಆಗ ವಿಷಯ ಹೊರಬಂತು. ಕಂದಕವನ್ನು ಅರಣ್ಯ ಇಲಾಖೆಯವರು ಕಾವಲಿನ ಗಡಿಯಿಂದ ಒಂದಿಷ್ಟು ಒಳಗೆ ತೋಡಿದ್ದರು. ಆಚೆ ಉಳಿದ ಪಟ್ಟಿ ಕಾಗದದಲ್ಲಿ ಇನ್ನೂ ಕಾವಲೇ. ಮರುಳಪ್ಪ ಅದನ್ನು ತಮಗೆ ಖಾತೆ ಮಾಡಿಕೊಡಿ ಎಂದು ತಹಸೀಲ್ದಾರರಿಗೆ ಅರ್ಜಿ ಹಾಕಿದ್ದರು. ಹೊಸದಾಗಿ ಹುಲ್ಲು ಕೀಳುತ್ತಿಲ್ಲ, ಹಿಂದಿನಿಂದಲೂ ಉಳುತ್ತ ಬಂದ ನೆಲ ಎಂದು ಅರ್ಜಿಯಲ್ಲಿ ಹೇಳಿದ್ದರು. ಆ ದಿನ ಮೊದಲ ಸಲ ನೇಗಿಲು ಹೂಡಿದ್ದ ಹುಲ್ಲಿನಲ್ಲಿ, ಇನ್ನೇನು ಗುಳ ತಾಕಬೇಕು ಎನ್ನುವಷ್ಟರಲ್ಲಿ ಮರಿ ಕಂಡಿತು. ಉತ್ತ ಹೊಲದಲ್ಲಿ ಯಾವ ಕೃಷ್ಣಮೃಗವೂ ಮರಿಯನ್ನು ಅಡಗಿಸಿಡುವುದಿಲ್ಲ. ಮರಿ ಸಿಕ್ಕ ಜಾಗ ಹೇಳಿದರೆ ಅರ್ಜಿ ಸುಳ್ಳಾಗುತ್ತಿತ್ತು.

ರೇಂಜರ್ ಹೊಸ ಪ್ರಿಂಟನ್ನು ನೋಡಿ ಮೊದಲು ಅನುಮಾನಿಸಿದ್ದು ನನ್ನನ್ನೇ. "ಊರೋರು ಊಟಕ್ಕೆ ಕರೆದಿದ್ರೇನ್ರೀ? ಹೋದ ವಾರ ಎಡ, ಈ ವಾರ ಬಲ! ನೆಗೆಟಿವನ್ನೂ ಬೇಕಾದ ಹಾಗೆ ಮಗುಚಬಹುದಲ್ಲ?" ನೆಗೆಟಿವ್ ಅಂಚಿನಲ್ಲಿ ಕಂಪನಿಯೇ ಅಚ್ಚೊತ್ತಿದ ಸಂಖ್ಯೆಗಳಿರುತ್ತವೆ, ಅವನ್ನು ನೇರವಾಗಿ ಓದಲು ಬಂದರೆ ಚಿತ್ರವೂ ನೇರ ಎಂದು ಕಿಟಕಿಗೆ ಹಿಡಿದು ತೋರಿಸಿದೆ. ಅವರು ಸಂಖ್ಯೆ ಓದಿದರು, ಜೇಬು ನೋಡಿದರು, ತಮ್ಮ ಜೇಬನ್ನೂ ಮುಟ್ಟಿಕೊಂಡರು.

"ಸರಿ, ಒಳಗೆ ಹೋದ. ಎಲ್ಲಿಂದ?"

ಮರುಳಪ್ಪ ನನ್ನ ಕಡೆ ನೋಡಲಿಲ್ಲ. "ನನ್ ಹೊಲದಿಂದ ಬುದ್ಧಿ" ಎಂದರು. ಮತ್ತೆ ತಾವೇ, "ಹೊಲ ಅಲ್ಲ. ಕಾವಲೇ" ಎಂದರು.

ಮೊಕದ್ದಮೆ ಬಿದ್ದುಹೋಯಿತು. ಅರ್ಜಿಯೂ ಬಿದ್ದುಹೋಯಿತು. ಹಳ್ಳದ ಚರ್ಮ ಯಾರ ಕೆಲಸವೆಂದು ಕೊನೆಗೂ ತಿಳಿಯಲಿಲ್ಲ. ಸಾಮಾನು ಕಟ್ಟಿಕೊಂಡು ಹೊರಟ ದಿನ ಟೀ ಅಂಗಡಿಯಲ್ಲಿ ಮರುಳಪ್ಪ ಸಿಕ್ಕಿದರು. "ನಿಮ್ ಫೋಟೊ ಜೈಲಿಂದ್ಲೂ ಬಿಡಿಸ್ತು, ಹೊಲದಿಂದ್ಲೂ ಬಿಡಿಸ್ತು. ಸರ್ವೆಯೋರು ಅಂದಿದ್ದೆ, ಸುಳ್ಳಾಯ್ತಾ?" ಎಂದು ನಕ್ಕು, ನನ್ನ ಟೀ ಕಾಸು ತಾವೇ ಕೊಟ್ಟರು. ಆ ನಗುವಿನಲ್ಲಿ ಕೃತಜ್ಞತೆ ಎಷ್ಟಿತ್ತು, ಬೇರೆ ಏನಿತ್ತು ಎಂದು ಹೇಳಲಾರೆ.

ಆಮೇಲೆ ಕೆಲಸದಲ್ಲಿದ್ದಷ್ಟು ವರ್ಷವೂ ಒಂದು ಪದ್ಧತಿ ಇಟ್ಟುಕೊಂಡೆ. ಪ್ರತಿ ರೋಲಿನಲ್ಲೂ ಮೊದಲ ಫ್ರೇಮ್ ಸಾದಾ ಲೆನ್ಸಿನಲ್ಲಿ, ಬೆಟ್ಟವೋ ದಾರಿಯೋ ಕಾಣುವಂತೆ. ಪ್ರಿಂಟ್ ಕೈಗೆ ಬಂದಾಗ ಹಕ್ಕಿಗಿಂತ ಮೊದಲು ಅದನ್ನು ನೋಡುತ್ತಿದ್ದೆ. ಚಿತ್ರ ತಪ್ಪಾದರೆ ತಿದ್ದಲು ನೆಗೆಟಿವ್ ಇರುತ್ತದೆ. ಚಿತ್ರವನ್ನು ನೋಡಿ ತನ್ನನ್ನು ತಿದ್ದಿಕೊಂಡ ನೆನಪಿಗೆ ಅಂಥ ಅಂಚಿನ ಸಂಖ್ಯೆ ಇರುವುದಿಲ್ಲ. ಆ ನೆಗೆಟಿವ್ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಇದನ್ನು ಬರೆಯುವ ಮೊದಲು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ: ಬಲಕ್ಕೇ ನಡೆಯುತ್ತಿದ್ದಾರೆ, ಸಂದೇಹವಿಲ್ಲ. ಕಣ್ಣು ಮುಚ್ಚಿದರೆ ಮಾತ್ರ, ಮರುಳಪ್ಪ ಇಂದಿಗೂ ಎಡಕ್ಕೇ ನಡೆಯುತ್ತಾರೆ.