ತಲೆಯ ಮೇಲೆ ನೇತುಹಾಕಿದ ಪೈಪು

ನಮ್ಮಣ್ಣ ಕೆಮ್ಮಿ ಕೆಮ್ಮಿ ಹೋದಮೇಲೆ ನನಗೆ ನನ್ನ ಉಸಿರಿನ ಮೇಲೇ ಭಯ ಹತ್ತಿತು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವನಿಗೆ ಕಲ್ಲಿನ ಧೂಳು ಅನ್ನದ ಜೊತೆಯೇ ಒಳಗೆ ಹೋಗುತ್ತದೆ. ಗ್ರೈಂಡರ್ ಬಂದಮೇಲಂತೂ ಕೇಳಬೇಡಿ.

ಆ ಭಯದಲ್ಲೇ ಮೊಬೈಲಿನಲ್ಲಿ ಹುಡುಕಾಡುವಾಗ ಕೀನ್ಯಾ, ಜಿಂಬಾಬ್ವೆ ಕಡೆಯ ಕಲ್ಲುಕುಟಿಗರ ಗುಂಪೊಂದು ಸಿಕ್ಕಿತು. ಗುಜರಿಯ ಮೋಟಾರು, ಡ್ರಮ್ಮು ಸೇರಿಸಿ ಧೂಳು ಎಳೆಯುವ ಫ್ಯಾನು ಮಾಡಿಕೊಂಡಿದ್ದರು. ಒಂದೂರಿನವರು ಮಾಡಿದ್ದನ್ನು ಇನ್ನೊಂದೂರಿನವರು ತಿದ್ದುವುದು, ತಿದ್ದಿದ್ದನ್ನು ಎಲ್ಲರಿಗೂ ಕೊಡುವುದು ಅವರ ಪದ್ಧತಿ. ನನ್ನ ಹರಕು ಇಂಗ್ಲಿಷಿಗೆ ಯಾರೂ ನಗದೆ ನನ್ನನ್ನೂ ಸೇರಿಸಿಕೊಂಡರು.

ಅವರು ಕಲ್ಲನ್ನು ಮೇಜಿನ ಮೇಲಿಟ್ಟು, ಫ್ಯಾನು ಧೂಳೆಳೆಯುವ ಪೈಪನ್ನು ಪಕ್ಕಕ್ಕೆ ಕೂರಿಸುತ್ತಿದ್ದರು. ನಾವು ಕಲ್ಲನ್ನು ನೆಲದ ಮೇಲೆ ಮಲಗಿಸಿ, ಬಾಗಿ ಕೆತ್ತುವವರು. ಪಕ್ಕದ ಪೈಪು ಮೊಣಕಾಲಿಗೆ ಅಡ್ಡ. ನಾನು ಮಹಾ ಬುದ್ಧಿವಂತ, ಅದನ್ನು ತಲೆಯ ಮೇಲಕ್ಕೆ ನೇತುಹಾಕಿದೆ. ಫೋಟೋ ಕಳಿಸಿ, ಬಹಳ ಚೆನ್ನಾಗಿದೆ ಎಂದು ಕೊಚ್ಚಿಕೊಂಡೆ. ಕೀನ್ಯಾದ ಹೆಂಗಸೊಬ್ಬರು, ಆಕೆಯೂ ಕೆತ್ತುವವರೇ, ತಮ್ಮ ಶೆಡ್ಡಿನ ಆರೂ ಪೈಪುಗಳನ್ನು ನನ್ನ ಹಾಗೆಯೇ ಬದಲಾಯಿಸಿದರು.

ಮೂರು ತಿಂಗಳಾಗಿರಬೇಕು. ನಾನು ಮೂಗಿಗೆ ಕಟ್ಟುವ ಬಟ್ಟೆಯನ್ನು ಒಗೆಯಲು ಹೊರಟಿದ್ದ ಹೆಂಡತಿ ಅದನ್ನು ತಂದು ನನ್ನ ಮುಂದೆ ಹಿಡಿದಳು.

"ರೀ, ಫ್ಯಾನ್ ಹಾಕ್ಕೊಂಡು ಕೂತ ದಿನಾನೇ ಬಟ್ಟೇಲಿ ಧೂಳು ಜಾಸ್ತಿ ಇರುತ್ತೆ. ಫ್ಯಾನ್ ಕೆಟ್ಟಿದ್ದ ವಾರ ಇಷ್ಟಿರ್ಲಿಲ್ಲ."

ಊದುಬತ್ತಿ ಹಚ್ಚಿ ಕಲ್ಲಿನ ಮೇಲಿಟ್ಟು, ಫ್ಯಾನು ಹಾಕಿ, ಕೆತ್ತುವವನ ಹಾಗೆ ಬಾಗಿದೆ. ಹೊಗೆ ನೆಟ್ಟಗೆ ನನ್ನ ಮೂಗಿಗೆ ಬಡಿದು, ಆಮೇಲೆ ಪೈಪಿಗೆ ಹೋಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನನ್ನ ಎದೆ ಹಾಳಾದರೆ ನನ್ನ ಕರ್ಮ ಅನ್ನಬಹುದು. ಅಲ್ಲಿ ಆರು ಜನ ನನ್ನ ಮಾತು ನಂಬಿ ಕೂತಿದ್ದರು.

ಎರಡು ದಿನ ಹೇಳಲಿಲ್ಲ. ನಾಚಿಕೆಗಿಂತ ಹೆದರಿಕೆಯೇ ಹೆಚ್ಚು. ಅವರಿಗೇನಾದರೂ ಆಗಿದೆ ಎಂಬ ಉತ್ತರ ಬಂದುಬಿಟ್ಟರೆ ಎಂದು ಅನ್ನ ಸೇರಲಿಲ್ಲ. ಮೂರನೆಯ ದಿನ ಮೊಬೈಲ್ ಹಿಡಿದು, ಬಟ್ಟೆಯ ಧೂಳಿನ ವಿಷಯ ಹೇಳಿ, ಪೈಪು ಕಳಚಿಬಿಡಿ, ತಪ್ಪು ನನ್ನದು ಎಂದು ಧ್ವನಿಸಂದೇಶ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಕೀನ್ಯಾದ ಆಕೆಯ ಉತ್ತರ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ಮ ಬಟ್ಟೆಗಳಲ್ಲೂ ಧೂಳು ಜಾಸ್ತಿಯಾಗಿತ್ತು. ನೀವು ಚೆನ್ನಾಗಿದೆ ಅಂದಿದ್ದಿರಲ್ಲ, ನಾವೇ ಸರಿಯಾಗಿ ಮಾಡಿಲ್ಲ ಅಂದುಕೊಂಡೆವು. ಅದಕ್ಕೇ ಪೈಪನ್ನು ಇನ್ನೂ ತಲೆ ಹತ್ತಿರಕ್ಕೆ ಇಳಿಸಿಕೊಂಡೆವು."

ಅದನ್ನು ಒಂದೇ ಸಲ ಕೇಳಿದೆ. ಮತ್ತೆ ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.