ಎತ್ತು ಬದುಕಿದ ಮರುಬಿಡುಗಡೆ

ಗಂಗಾವತಿಯ ಟಾಕೀಸೊಂದರ ಗೋಡೆಗೆ ಹಳೆಯ ಸಿನಿಮಾದ ಹೊಸ ಪೋಸ್ಟರ್ ಹಚ್ಚುತ್ತಿದ್ದರು. ಮೈದಾಹಿಟ್ಟಿನ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ ತಾವರಗೇರಾದ ಟೆಂಟ್ ಟಾಕೀಸಿಗೆ ಹೋಗಿಬಿಟ್ಟೆ.

ಅಲ್ಲಿ ಒಮ್ಮೆ ಪೋಸ್ಟರಿನ ಮೇಲೆ ‘ಮರುಬಿಡುಗಡೆ’ ಎಂದಿತ್ತು. ನಮ್ಮ ಓಣಿಯಲ್ಲಿ ಅದನ್ನು ತಡವರಿಸದೆ ಓದಿದವನು ನಾನೊಬ್ಬನೇ. ನಾಲ್ಕನೇ ಇಯತ್ತೆಯ ಪಂಡಿತ! ನಮ್ಮಜ್ಜಿಗೆ ಅರ್ಥವನ್ನೂ ನಾನೇ ಹೇಳಿದೆ: “ತಪ್ಪೆಲ್ಲಾ ತಿದ್ದಿ ಮತ್ತ ಬಿಟ್ಟಾರಬೇ ಆಯಿ!”

ಆಯಿಯ ಕಣ್ಣರಳಿತು. ಹಿಂದಿನ ಸಲ ಆ ಸಿನಿಮಾದ ಕೊನೆಯಲ್ಲಿ ಎತ್ತು ಸತ್ತದ್ದಕ್ಕೆ ಆಕೆ ಊಟ ಬಿಟ್ಟಿದ್ದಳು.

“ಹಂಗಾರ ಈ ಸಲ ಎತ್ತು ಉಳೀತೈತೇನೋ?”

“ಉಳೀಲೇಬೇಕಲ್ಲಬೇ!” ಎಂದುಬಿಟ್ಟೆ.

ಸಿನಿಮಾದಲ್ಲಿ ಎತ್ತು ಜಡ್ಡು ಬಿದ್ದು ಮಲಗುತ್ತಲೇ, ಮರಳಿನ ಮೇಲೆ ಕುಳಿತು ಎಲೆಅಡಿಕೆ ಜಗಿಯುತ್ತಿದ್ದ ಆಯಿ ಎದ್ದಳು. ನೇರ ಮಷಿನ್ ನಡೆಸುವ ದಸ್ತಗೀರ ಕಾಕಾನ ಹತ್ತಿರ ಹೋಗಿ, “ದಸ್ತಗೀರಾ, ಎತ್ತು ಸತ್ತರ ನಿನ್ನ ಟೆಂಟಿನ ಹಗ್ಗ ಬಿಚ್ಚತೇನಿ ನೋಡು!” ಎಂದಳು.

ಕಾಕಾ ಹಗ್ಗ ನೋಡಿದ, ಆಯಿಯನ್ನು ನೋಡಿದ. ಕೊನೆಯ ರೀಲು ಹಾಕದೆ ದೀಪ ಹಚ್ಚಿಬಿಟ್ಟ.

“ಎತ್ತು ಆರಾಮ ಐತ್ರಿ, ಎಲ್ಲಾರೂ ಮನಿಗೆ ನಡೀರಿ!”

ಗಂಡಸರು ಕೂಗಾಡಿದರು, ಹೆಂಗಸರು ಚಪ್ಪಾಳೆ ತಟ್ಟಿದರು. ಮರುದಿನದಿಂದ ಸುತ್ತಲ ಹಳ್ಳಿಗಳ ಹೆಂಗಸರೆಲ್ಲ ಬದುಕಿದ ಎತ್ತನ್ನು ನೋಡಲು ಬಂಡಿ ಕಟ್ಟಿಕೊಂಡು ಬಂದರು. ಕೊನೆಯ ರೀಲು ಡಬ್ಬಿಯಲ್ಲೇ ಉಳಿಯಿತು.

ಗಂಗಾವತಿಯ ಪೋಸ್ಟರಿನ ಮುಂದೆ ಜೊತೆಗೆ ನಿಂತಿದ್ದ ತಂಗಿಯ ಮಗ ನನ್ನ ತೋಳು ಜಗ್ಗಿದ. “ಮಾಮಾ, ಒಮ್ಮೆ ನೋಡಿದ್ದನ್ನ ಮತ್ತ್ಯಾಕ ನೋಡಬೇಕು?”

“ಈ ಸಲ ಏನಾಗತೈತೋ ಯಾರಿಗೆ ಗೊತ್ತೋ ತಮ್ಮಾ? ಟಿಕೀಟ್ ತಗೋ, ನಡಿ.”